ಜೋಳಿಗಿ ಹಗ್ಗ ಯಾರ ಕೈಯಾಗ?

ಮೊನ್ನಿ ರಾತ್ರಿ ಹನ್ನೊಂದೂವರಿಗಿ ನಮ್ಮ ಮ್ಯಾಲಿನ ಮನಿ ಹುಡುಗಿ ಒಂದು ರೀಲ್ ಕಳಿಸಿದ್ಳು. ಕೆಳಗ ಒಂದೇ ಸಾಲು, "ಅಕ್ಕ, ನಾನು ತಪ್ಪು ಮಾಡ್ತಿದೀನಾ?" ಆಕಿ ಮಂಡ್ಯ ಕಡಿಯಾಕಿ, ಗಂಡಗ ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿದಾಗ ಶಿಫ್ಟ್ ಡ್ಯೂಟಿ, ಕೂಸಿಗಿ ಈಗ ನಾಕನೇ ತಿಂಗಳು. ಅವರವ್ವ ಬಂದು ಒಂದು ತಿಂಗಳ ಇದ್ದು, ಊರಾಗ ಅಪ್ಪಗ ಆರಾಮಿಲ್ಲಂತ ವಾಪಸ್ ಹೋಗ್ಯಾರ. ರೀಲ್‌ನಾಗ ಒಬ್ಬಾಕಿ ಬಿಳಿ ಪರದಿ ಮುಂದ ನಿಂತು, ಎದಿಗಿ ಕೂಸು ಕಟ್ಟಿಕೊಂಡು ಹೇಳ್ತಾಳ, ಕೂಸು ಅತ್ತ ಕೂಡ್ಲೇ ಅವ್ವನೇ ಎತ್ತಿಕೋಬೇಕು, ಅವ್ವನ ಮೈಗಿ ಹತ್ತೇ ಮಲಗಬೇಕು, ಬ್ಯಾರೆಯವರ ಕೈಯಾಗ ಕೊಟ್ರ ಬಾಂಡಿಂಗ್ ಕೆಡ್ತದ, ಮೂರು ವರ್ಷ ಹಿಂಗ ಮಾಡಲಿಲ್ಲಂದ್ರ ಕೂಸಿನ ಮನಸ್ಸು ಜೀವನಪೂರ್ತಿ ಹಾಳು ಅಂತ.

"ಇಲ್ಲ ತಂಗಿ, ನೀ ಏನೂ ತಪ್ಪು ಮಾಡಿಲ್ಲ, ಮಲಗು" ಅಂತ ಬರದು ಕಳಿಸಿದೆ, ಆದ್ರ ನನಗೇ ನಿದ್ದಿ ಹತ್ತಲಿಲ್ಲ. ಏಳು ವರ್ಷದ ಹಿಂದ ನನ್ನ ಮಗಳು ಕೈಗೂಸು ಇದ್ದಾಗ ಇಂಥದ್ದೇ ಒಂದು ವಿಡಿಯೋ ನೋಡಿ ನಾನು ಬಚ್ಚಲದಾಗ ಕೂತು ನಳ ಬಿಟ್ಟು ಅತ್ತೀನಿ. ಅವತ್ತು ನನಗ ಯಾರೂ ಹೇಳಲಿಲ್ಲ, ಅದಕ್ಕ ಇವತ್ತು ಬರೀಲಕತ್ತೀನಿ, ಉದ್ದ ಆಗ್ತದ, ಪುರಸತ್ತು ಇದ್ದವರು ಓದ್ರಿ.

ಆ ರೀಲ್‌ನಾಕಿ ಹೇಳೋ ಥರ ಕೂಸನ್ನ ಯಾವಾಗ್ಲೂ ಮೈಗಿ ಹಚ್ಚಿಕೊಂಡು ಬೆಳಸೋದಕ್ಕ 'ಅಟ್ಯಾಚ್‌ಮೆಂಟ್ ಪೇರೆಂಟಿಂಗ್' ಅಂತಾರ. ಮೊದಲ ಅದು ಎಲ್ಲಿಂದ ಬಂತು ಅಂತ ನೋಡ್ರಿ. ಈ ಹೆಸರು ಮಂದಿ ಬಾಯಿಗಿ ತಂದವರು ಅಮೆರಿಕದ ಮಕ್ಕಳ ಡಾಕ್ಟರ್ ವಿಲಿಯಂ ಸಿಯರ್ಸ್ ಮತ್ತ ಅವರ ಹೆಂಡ್ತಿ ಮಾರ್ಥಾ, ಆಕಿ ನರ್ಸ್. ಹುಟ್ಟಿದ ಕೂಡ್ಲೇ ಕೂಸನ್ನ ಅವ್ವನ ಮೈಗಿ ಹಚ್ಚೋದು, ಎದಿಹಾಲು, ಮೈಗಿ ಕಟ್ಟಿಕೊಂಡು ತಿರುಗೋದು, ಬಾಜೂಕ ಮಲಗಿಸ್ಕೊಳ್ಳೋದು, ಅಳೋದನ್ನ ಕೂಸಿನ ಮಾತು ಅಂತ ತಿಳ್ಕೊಳ್ಳೋದು, ಕೂಸಿಗಿ ಶಿಸ್ತು ಕಲಸ್ರಿ ಅನ್ನೋರಿಂದ ದೂರ ಇರೋದು, ಕಡೀಕ ಬ್ಯಾಲೆನ್ಸ್. ಏಳು ಮಾತು, ಇಂಗ್ಲಿಷ್‌ದಾಗ ಏಳೂ 'ಬಿ' ಅಕ್ಷರದಿಂದ ಸುರು ಆಗ್ತಾವ. ಆ ಏಳನೇದು ಅಂದ್ರ ಅವ್ವ ತನ್ನ ಆರೋಗ್ಯನೂ ಮನಿನೂ ಸಂಭಾಳಿಸ್ಕೋಬೇಕು ಅನ್ನೋದು, ಅದನ್ನ ನಾನಂತೂ ಒಂದು ರೀಲ್‌ನಾಗೂ ನೋಡಿಲ್ಲ.

ಅಮೆರಿಕದಾಗ ಆ ಮಾತು ಹೇಳೋದು ಜರೂರಿ ಇತ್ತು ಅಂತ ನನಗ ಅನಸ್ತದ. ಯಾಕಂದ್ರ 1928ರಾಗ ಅಲ್ಲಿ ಜಾನ್ ವಾಟ್ಸನ್ ಅನ್ನೋ ದೊಡ್ಡ ಮನಃಶಾಸ್ತ್ರಜ್ಞರು, ಮಕ್ಕಳಿಗಿ ಅಪ್ಪಿಕೋಬ್ಯಾಡ್ರಿ, ತೊಡಿ ಮ್ಯಾಲ ಕೂಡಿಸ್ಕೋಬ್ಯಾಡ್ರಿ, ಬೆಳಿಗ್ಗಿ ಎದ್ದು ಕೈ ಕುಲುಕ್ರಿ ಅಂತ ಬರದು ತಂದಿತಾಯಿಗೋಳಿಗಿ ಪಾಠ ಮಾಡಿದ್ರು. ಹಂಗ ಕೇಳಿಕೋತ ಬೆಳದ ಊರಾಗ "ಎತ್ತಿಕೋರಿ, ಏನೂ ಆಗಲ್ಲ" ಅಂತ ಹೇಳಲಿಕ್ಕ ಒಬ್ಬ ಡಾಕ್ಟರ್ ಬೇಕಾಗಿತ್ತು. ನಮ್ಮ ಆಯಿಗಿ ಯಾರೂ ಎತ್ತಿಕೋಬ್ಯಾಡ ಅಂದಿದ್ದಿಲ್ಲ.

ನನ್ನ ಬಾಣಂತನ ಆಗಿದ್ದು ತವರಾಗ, ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಯಾಗ, 2018ರ ಮಾರ್ಚ್ ಕಡೀಕ. ಬಿಸಲು ನಲವತ್ತು ದಾಟೋ ದಿನ. ಆಯಿ ಬಚ್ಚಲದಾಗ ಮಣಿ ಮ್ಯಾಲ ಕೂತು ಎರಡೂ ಕಾಲು ಮುಂದ ಚಾಚಿ, ಸೀರಿ ಮೊಣಕಾಲ ತನಕ ಏರಿಸಿ, ಕೂಸನ್ನ ಬೋರಲಾಗಿ ಕಾಲ ಮ್ಯಾಲ ಹಾಕ್ಕೋತಿದ್ಳು. ಎಣ್ಣಿ ಹಚ್ಚಿ ಬೆನ್ನು, ತೊಡಿ, ಅಂಗಾಲು ತಿಕ್ಕಿ, ಆಮ್ಯಾಲ ತಂಬಗಿ ತುಂಬ ಬಿಸಿನೀರು ತಗೊಂಡು ಮೊದಲ ತನ್ನ ಮೊಣಕಾಲಿಗಿ ಸುರಕೊಂಡು ಕಾವು ನೋಡ್ತಿದ್ಳು, ಎರಡನೇ ತಂಬಗಿ ಕೂಸಿನ ಬೆನ್ನಿಗಿ. ಆಕಿ ಮೊಣಕಾಲ ಕೆಳಗ ಆ ಬಿಸಿನೀರಿಗಿ ಚರ್ಮ ಕೆಂಪಗ ಆಗಿರ್ತಿತ್ತು, ಒಂದು ದಿನಾನೂ ಆ ಮೊದಲನೇ ತಂಬಗಿ ತಪ್ಪಿಸಲಿಲ್ಲ. ಎರದು ಆದ ಮ್ಯಾಲ ಲೋಬಾನದ ಹೊಗಿ, ಕುಲಾವಿ, ಜೋಳಿಗಿ. ಜೋಳಿಗಿ ಅಂದ್ರ ಮೆತ್ತಗಾದ ಹಳಿ ಸೀರಿ, ತೊಲಿಗಿ ಕಟ್ಟಿ, ಬಾಯಿ ಮುಚ್ಚಬಾರ್ದಂತ ನಡುಕ ಒಂದು ಕೋಲು ಹಾಕಿದ್ದು. ಅದರ ಹಗ್ಗ ಆಯಿ ಕಾಲಿನ ಹೆಬ್ಬಟ್ಟಿಗಿ. ಶಹಾಬಾದ್ ಫರಸಿ ಮ್ಯಾಲ ಗ್ವಾಡಿಗಿ ಆನಿಸಿ ಕೂತು ಮರದಾಗ ತೊಗರಿಬ್ಯಾಳಿ ಹಸನ ಮಾಡಕೋತ, ಕಾಲಿಂದ ತೂಗಕೋತ, ಬಾಯಾಗ ಏನೋ ಗುಣುಗುಣು. ರೊಟ್ಟಿ ಬಡೀಲಿಕ್ಕ ಎದ್ರ ಹಗ್ಗ ಕಾಕಿ ಕೈಗಿ, ಕಾಕಿ ಎಮ್ಮಿ ಹಿಂಡಲಿಕ್ಕ ಹೋದ್ರ ಸಾಲಿ ಬಿಟ್ಟು ಬಂದ ಕಾಕಾನ ಮಗನ ಕೈಗಿ, ಸಂಜೀಕ ಮುತ್ಯಾನ ಕೈಗಿ. ನಾನು ಅಳವಿ ಪಾಯಸ ಕುಡದು, ಅಂಟಿನ ಉಂಡಿ ತಿಂದು ಮಧ್ಯಾಹ್ನ ಮೂರು ತಾಸು ಸತ್ತಂಗ ಮಲಗ್ತಿದ್ದೆ. ಕೂಸು ಹಸದು ಅತ್ರ ತಂದು ಎದಿಗಿ ಹಚ್ಚೋರು, ಕುಡದು ಆದ ಮ್ಯಾಲ ಒಯ್ಯೋರು.

ಈಗ ಹೇಳ್ರಿ, ಆ ರೀಲ್ ಪ್ರಕಾರ ನೋಡಿದ್ರ ನನ್ನ ಬಾಂಡಿಂಗ್ ಮೊದಲ ತಿಂಗಳೇ ಕೆಟ್ಟು ಹೋಗಬೇಕಿತ್ತು.

ಇನ್ನೂ ಹಿಂದಿಂದು ಹೇಳ್ತೀನಿ. ನಮ್ಮವ್ವ ಮದಿವಿ ಆಗಿ ಬಂದ ಮನ್ಯಾಗ ಹದಿನಾಲ್ಕು ಮಂದಿ. ಆಗಿನ ಕಾಲದಾಗ ಮಾವ ಪಡಸಾಲ್ಯಾಗ ಕೂತಿದ್ರ ಸೊಸಿ ತನ್ನ ಕೂಸಿಗಿ ತಾನೇ ಮುದ್ದು ಮಾಡೋದು ನಾಚಿಕಿಗೇಡು. ಕೂಸು ಅತ್ರ ಅವ್ವ ಒಲಿ ಮುಂದಿಂದ ಏಳೋ ಹಂಗಿಲ್ಲ, ಬ್ಯಾರೆ ಯಾರಾದ್ರೂ ತಂದು ಕೈಯಾಗ ಕೊಡಬೇಕು. ಅಪ್ಪ ಅಂತೂ ನನ್ನ ಎತ್ತಿಕೊಂಡಿದ್ದು ಹಿರೇರು ಇಲ್ಲದ ಹೊತ್ತಿನಾಗ, ಅದೂ ಅಪರೂಪಕ್ಕ. ನಾನು ಒಂದು ಸಲ ಅವ್ವಗ ಕೇಳಿದೆ, "ನಿನಗ ಸಂಕಟ ಆಗ್ತಿದ್ದಿಲ್ಲೇನು?" ಅಂತ. ರೊಟ್ಟಿ ಹಂಚಿನ ಮ್ಯಾಲ ಹಾಕಿ, ನೀರು ಸವರಿ, ಜರಾ ಹೊತ್ತು ಬಿಟ್ಟು ಹೇಳಿದ್ಳು, "ಆಗ್ತಿತ್ತು. ರಾತ್ರಿ ದೀಪ ಆರಿದ ಮ್ಯಾಲ ಮುಖ ಮೂಸಿ ನೋಡ್ತಿದ್ದೆ."

ದೀಪ ಆರಿದ ಮ್ಯಾಲ ಮುಖ ಮೂಸಿ ನೋಡೋದು. ಅದಕ್ಕ ಯಾವ 'ಬಿ' ಅಂತ ಹೆಸರಿಡ್ತೀರಿ? ಹಗಲೆಲ್ಲಾ ನನಗ ಎತ್ತಿ ಆಡಿಸಿದಾಕಿ ದೊಡ್ಡವ್ವ. ಅವ್ವ ಜ್ವರ ಬಂದು ಮಲಗಿದಾಗ ದೊಡ್ಡವ್ವ ತನ್ನ ಮಗನ ಜೋಡಿ ನನಗೂ ಎದಿ ಕೊಟ್ಟಾಳ. ಇವತ್ತಿಗೂ ಊರಿಗಿ ಹೋದ್ರ ದೊಡ್ಡವ್ವನ ಬಾಜೂಕ ಸುಮ್ಮ ಕೂತು ಬಿಡ್ತೀನಿ, ಮಾತೇ ಬೇಕಾಗಲ್ಲ. ಅವ್ವನ ಮ್ಯಾಲಿನ ಜೀವ ಅದರಿಂದ ಒಂದು ಗುಂಜಿನೂ ಕಮ್ಮಿ ಆಗಿಲ್ಲ.

ನಾನು ಬಿ.ಎಡ್ ಓದುವಾಗ ಬೌಲ್ಬಿ ಬಗ್ಗೆ ಒಂದು ಪ್ಯಾರಾ ಬಾಯಿಪಾಠ ಮಾಡಿ ಪರೀಕ್ಷಾ ಬರದು ಬಿಟ್ಟಿದ್ದೆ. ಮಗಳು ಹುಟ್ಟಿದ ಮ್ಯಾಲ ಮತ್ತ ಹುಡುಕಿ ಓದಿದೆ. ಕೂಸಿನ ನಂಟು ಹೆಂಗ ಬೆಳೀತದ ಅಂತ ಹೇಳೋ ಅಟ್ಯಾಚ್‌ಮೆಂಟ್ ಥಿಯರಿ ಬ್ಯಾರೆ, ಈ ಅಟ್ಯಾಚ್‌ಮೆಂಟ್ ಪೇರೆಂಟಿಂಗ್ ಬ್ಯಾರೆ ಅಂತ ಆಗ ತಿಳೀತು. ಜಾನ್ ಬೌಲ್ಬಿ ಬ್ರಿಟನ್ನಿನ ಮನೋವೈದ್ಯರು, ಎರಡನೇ ಮಹಾಯುದ್ಧ ಆದ ಮ್ಯಾಲ ಮನಿಮಾರು ಇಲ್ಲದಂಗ ಆದ ಮಕ್ಕಳ ಬಗ್ಗೆ 1951ರಾಗ ವಿಶ್ವ ಆರೋಗ್ಯ ಸಂಸ್ಥೆಗಿ ವರದಿ ಕೊಟ್ಟವರು. ಕೂಸಿಗಿ ಒಂದು ಬೆಚ್ಚಗಿನ, ಕಡಿಯದ ಸಂಬಂಧ ಬೇಕು ಅಂದ್ರು, ಆದ್ರ ಅದರಾಗೇ ಅವ್ವ ಇಲ್ಲಾಂದ್ರ ಅವ್ವನ ಜಾಗದಾಗ ಕಾಯಂ ಇರೋರು ಅಂತನೂ ಬರದಾರ. ಅವರ ಜೋಡಿ ಕೆಲಸ ಮಾಡಿದ ಮೇರಿ ಏನ್ಸ್‌ವರ್ತ್ ಮನಿ ಮನಿಗಿ ಹೋಗಿ ಕೂಸು ಅವ್ವನ್ನ ನೋಡಿಕೋತ ಕೂತಿದ್ದು ಮೊದಲ ಎಲ್ಲಿ ಗೊತ್ತದೇನು? ಅಮೆರಿಕದಾಗ ಅಲ್ಲ, ಆಫ್ರಿಕಾದ ಉಗಾಂಡಾದಾಗ, ಕಂಪಾಲಾ ಹತ್ರದ ಹಳ್ಳಿಗೋಳಾಗ, 1954-55ರಾಗ, 26 ಅವ್ವಂದಿರು. ಅಲ್ಲಿನೂ ಕೂಸು ಆಯಿ, ಚಿಗವ್ವ, ಅಕ್ಕಂದಿರ ಕೈಯಾಗ ತಿರುಗ್ತಿತ್ತು. ಕಂಕುಳಾಗ ಕೂಸಿದ್ದ ಹಳ್ಳಿ ಹೆಣ್ಮಕ್ಕಳನ್ನ ನೋಡಿ ಕಲತ ವಿದ್ಯಾ ಅಮೆರಿಕದ ಬಾಲ್ಟಿಮೋರ್‌ಗಿ ಹೋಗಿ, ಲ್ಯಾಬ್‌ನಾಗ ಪರೀಕ್ಷಾ ಆಗಿ, ಕಡೀಕ ರೀಲ್ ಆಗಿ ನಮ್ಮ ಕಲಬುರಗಿ ಹೆಣ್ಮಗಳಿಗಿ ರಾತ್ರಿ ಹನ್ನೊಂದೂವರಿಗಿ ಅಳಿಸಲಿಕ್ಕ ಬಂದದ.

1988ರಾಗ ಇಬ್ಬರು ಡಚ್ ಸಂಶೋಧಕರು ಅವ್ವ-ಕೂಸಿನ ನಂಟಿನ ಬಗ್ಗೆ ಆದ 8 ದೇಶದ 32 ಅಧ್ಯಯನ ಒಟ್ಟಿಗಿ ಇಟ್ಟು ನೋಡಿದ್ರು. ದೇಶ-ದೇಶದ ನಡುಕ ಇರೋ ಫರಕಕ್ಕಿಂತ ಒಂದೇ ದೇಶದ ಒಳಗ ಇರೋ ಫರಕ ಜಾಸ್ತಿ ಇತ್ತು. ಇದು ನನಗ ಭಾಳ ಮುಖ್ಯ ಅನಸ್ತು. ಅಮೆರಿಕದವರು ಹಿಂಗ, ಭಾರತದವರು ಹಂಗ ಅಂತ ಒಂದು ಗೆರಿ ಎಳದು ಬಿಡ್ತೀವಿ, ಆದ್ರ ನಮ್ಮ ಭಾಗದಾಗೇ ನೋಡ್ರಿ ಎಷ್ಟು ಥರ ಅವ್ವಂದಿರು ಅದಾರ ಅಂತ.

ನಮ್ಮ ಓಣ್ಯಾಗ ಬಾಜು ಮನಿ ಆಪಾ, ಅವರಲ್ಲಿ ಹಡದ ಮ್ಯಾಲ ನಲವತ್ತು ದಿನ ಮನಿ ಬಿಟ್ಟು ಹೊರಗ ಬರಂಗಿಲ್ಲ. ಎದಿಹಾಲು ಎರಡು ವರ್ಷ ಅಂತ ಕುರಾನ್‌ದಾಗೇ ಅದ, ಅದಕ್ಕ ಆಪಾ ಮೂರೂ ಮಕ್ಕಳಿಗಿ ಎರಡು ವರ್ಷ ಕುಡಿಸಿ, ಆಮ್ಯಾಲ ಬಿಡಿಸ್ಯಾರ. ಬ್ಯಾರೆ ಹೆಣ್ಮಗಳು ಎದಿಹಾಲು ಕೊಟ್ರ ಆ ಮಕ್ಕಳು ಹಾಲಿನ ಅಣ್ಣ-ತಂಗಿ ಆಗ್ತಾರ, ಅವರ ನಡುಕ ಲಗ್ನನೇ ಆಗಂಗಿಲ್ಲ, ಅಂದ್ರ ಹಾಲು ಕೊಟ್ಟಾಕಿಗಿ ಅವ್ವನ ಜಾಗ ಕೊಟ್ಟು ಕಾನೂನೇ ಮಾಡ್ಯಾರ. ನಾನು ದೊಡ್ಡವ್ವನ ಕತಿ ಹೇಳಿದಾಗ ಆಪಾ ಕೂಡ್ಲೇ ಅಂದ್ರು, "ಹಂಗಂದ್ರ ಆಕಿನೂ ನಿಮ್ಮ ಅಮ್ಮೀನೇ ಆದ್ರಲ್ಲ."

ಇತ್ಲಾಗ ಶಹಾಪುರ ಕಡಿ ಹತ್ತಿ ಬಿಡಿಸೋ ದಿನದಾಗ ಬಸ್ಸಿನ ಕಿಟಕ್ಯಾಗಿಂದ ನೋಡ್ರಿ. ಬದುವಿನ ಬೇವಿನ ಗಿಡಕ್ಕ ಜೋಳಿಗಿ ಕಟ್ಟಿರ್ತದ, ಅವ್ವ ಸಾಲು ಹಿಡದು ಹತ್ತಿ ಬಿಡಿಸಿಕೋತ ಹೊಂಟಿರ್ತಾಳ, ಜೋಳಿಗಿ ಬಾಜೂಕ ಎಂಟೊಂಬತ್ತು ವರ್ಷದ ಹುಡುಗಿ ಕೂತಿರ್ತಾಳ. ಆ ಹುಡುಗಿ ಹೆಸರು ಯಾವುದೋ ಸಾಲಿ ಹಾಜರಿ ಪುಸ್ತಕದಾಗ ಇರ್ತದ. ನಾನು ಟೀಚರ್, ನನ್ನ ಕ್ಲಾಸಿನಾಗೇ ಅಂಥವರು ಇದ್ರು. "ಯಾಕ ಬರಲಿಲ್ಲವ್ವ ನಿನ್ನಿ?" ಅಂದ್ರ "ಕೂಸು ಹಿಡೀಲಿಕ್ಕ ಇದ್ದೆ ಟೀಚರ್ರಿ" ಅಂತ. ತಾಂಡಾದವರು ಕಬ್ಬು ಕಡೀಲಿಕ್ಕ, ಪುಣೆ-ಮುಂಬೈಗಿ ಕಟ್ಟಡದ ಕೆಲಸಕ್ಕ ಹೊಂಟಾಗ ಕೂಸು ಬೆನ್ನಿಗಿ ಇರ್ತದ. ರೀಲ್‌ನಾಕಿನ ಎದಿಗೂ ಕೂಸು, ಇವರ ಬೆನ್ನಿಗೂ ಕೂಸು, ನೋಡಿದವರಿಗಿ ಎರಡೂ ಒಂದೇ ಅನಸಬಹುದು. ಆದ್ರ ಆಕಿಗಿ ಬಿಟ್ಟು ಹೋಗಲಿಕ್ಕ ಜಾಗ ಇದ್ದೂ ಹೊತ್ತಾಳ, ಇವರಿಗಿ ಬಿಟ್ಟು ಹೋಗಲಿಕ್ಕ ಜಾಗನೇ ಇಲ್ಲ. ಅಂಗನವಾಡಿದಾಗ ಪಾಠಕ್ಕ ತಗೋಳ್ಳೋದು ಮೂರು ವರ್ಷ ಆದ ಮ್ಯಾಲ. ಅದರ ಕೆಳಗಿನ ಮಕ್ಕಳಿಗಂತ ಸರ್ಕಾರ ಪಂಚಾಯಿತಿ ಮಟ್ಟದಾಗ 'ಕೂಸಿನ ಮನೆ' ಸುರು ಮಾಡ್ಯಾದ, ಉದ್ಯೋಗ ಖಾತ್ರಿ ಕೆಲಸಕ್ಕ ಹೋಗೋ ಅವ್ವಂದಿರ ಸಲುವಾಗಿ, ಆರು ತಿಂಗಳ ಕೂಸಿನಿಂದ. ಇದು ಪ್ರತಿ ಊರಾಗ ಬಾಗಿಲು ತೆರದು ನಡೀಬೇಕು, ನಾನಂತೂ ಯಾವ ಮೀಟಿಂಗ್‌ನಾಗ ಬಾಯಿ ತೆರಿಯೋ ಅವಕಾಶ ಸಿಕ್ರೂ ಇದನ್ನೇ ಹೇಳ್ತೀನಿ.

ನಮ್ಮ ಹಳಿ ಪದ್ಧತಿ ಎಲ್ಲಾ ಬಂಗಾರ ಅಂತ ಹೇಳಲಿಕ್ಕ ನಾನು ಕೂತಿಲ್ಲ. ಮೊದಲನೇ ಹಾಲು, ಆ ಹಳದಿ ಹಾಲು, ಕೆಟ್ಟದ್ದು ಅಂತ ಹಿಂಡಿ ಚೆಲ್ಲಿಸ್ತಿದ್ರು, ಕೂಸಿಗಿ ಜೇನುತುಪ್ಪ, ಬಜಿ ತೇದು ನೆಕ್ಕಸ್ತಿದ್ರು. ನನ್ನ ಬಾಣಂತನದಾಗ ಆಶಾ ಕಾರ್ಯಕರ್ತಿ ಅಕ್ಕ ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ ಹಿಂಗ ಲೆಕ್ಕ ಹಾಕಿ 42ನೇ ದಿನದ ತನಕ ಮನಿಗಿ ಬಂದ್ಳು, ಆಯಿ ಮುಂದ ಕೂತು "ಆರು ತಿಂಗಳ ತನಕ ಎದಿಹಾಲು ಬಿಟ್ಟು ನೀರೂ ಬ್ಯಾಡ ಆಯಿ" ಅಂತ ಹೇಳೇ ಹೇಳಿದ್ಳು. ಆಯಿ ಮೊದಲ ಮುಖ ತಿರುವಿದ್ಳು, ಆಮ್ಯಾಲ ಬಜಿ ಡಬ್ಬಿ ತಾನೇ ಮ್ಯಾಲ ಇಟ್ಳು. ಇನ್ನೊಂದು ನನ್ನ ಹೊಟ್ಯಾಗಿನ ಮಾತು. ನನಗ ಹತ್ತು ತಿಂಗಳಿಗಿ ಹಾಲು ಬಿಡಿಸಿದ್ರು, ಗಂಡಸುಮಗ ಬೇಕಂತ ಅವಸರ ಇತ್ತು. ನನ್ನ ಬೆನ್ನಿಗಿ ಹುಟ್ಟಿದ ತಮ್ಮಗ ಮೂರು ವರ್ಷ ಕುಡಿಸ್ಯಾರ. ಅವ್ವಗ ನಾನು ಬ್ಯಾಡಾಗಿದ್ದೆ ಅಂತಲ್ಲ, ಎಷ್ಟು ದಿನ ಕುಡಿಸಬೇಕು ಅನ್ನೋದು ಆಕಿ ಕೈಯಾಗೇ ಇದ್ದಿಲ್ಲ.

ನನ್ನ ತಂಗಿ ನ್ಯೂಜೆರ್ಸಿದಾಗ ಅದಾಳ. ಅಲ್ಲಿ ಮಕ್ಕಳ ಡಾಕ್ಟರ್‌ಗೋಳ ಸಂಘದವರು, ಕೂಸು ನಿಮ್ಮ ಕೋಣ್ಯಾಗೇ ಮಲಗಲಿ, ಕಮ್ಮಿ ಅಂದ್ರ ಆರು ತಿಂಗಳ, ಆದ್ರ ನಿಮ್ಮ ಹಾಸಿಗಿ ಮ್ಯಾಲ ಬ್ಯಾಡ, ಬ್ಯಾರೆ ಗಟ್ಟಿ ಹಾಸಿಗಿ ಮ್ಯಾಲ, ಅಂಗಾತ ಮಲಗಿಸ್ರಿ ಅಂತಾರ. ಅದಕ್ಕ ಕಾರಣ ಅದ, ಮೆತ್ತನ ಗಾದಿ, ದಪ್ಪ ರಜಾಯಿದಾಗ ಕೂಸಿನ ಉಸಿರು ಕಟ್ಟಿದ್ದು ಅದ. ಅವ್ವ ಕೇಳಿ ಗಾಬರಿ ಬಿದ್ಳು, "ಕೂಸು ಒಂದೇ ಮಲಗ್ತದಾ? ಯಾರ ಶಾಪ ಅದು?" ಅಂದ್ಳು. ಗ್ವಾಟೆಮಾಲಾದ ಮಾಯಾ ಅವ್ವಂದಿರ ಬಗ್ಗೆ 1992ರಾಗ ಒಂದು ಅಧ್ಯಯನ ಬಂದದ, ಅಮೆರಿಕದಾಗ ಕೂಸು ಬ್ಯಾರೆ ಕೋಣ್ಯಾಗ ಮಲಗ್ತಾವಂತ ಕೇಳಿ ಅವರೂ ನಮ್ಮವ್ವನಂಗೇ ಮರುಗಿದ್ರಂತ. ಆದ್ರ ತಂಗಿ ನನಗ ಒಬ್ಬಾಕಿಗೇ ಫೋನ್ ಮಾಡಿದಾಗ ಹೇಳಿದ್ದು ಬ್ಯಾರೆ ಮಾತು. "ಅಕ್ಕ, ಕೂಸು ಎಲ್ಲಿ ಮಲಗ್ತದ ಅಂತ ಎಲ್ಲರೂ ಕೇಳ್ತೀರಿ, ನಾ ಯಾವಾಗ ಮಲಗ್ತೀನಿ ಅಂತ ಒಬ್ಬರೂ ಕೇಳಂಗಿಲ್ಲ" ಅಂದ್ಳು. ಆ ಮಾತು ಕೇಳಿದ ಮ್ಯಾಲ ತೊಟ್ಟಿಲು ಬ್ಯಾರೆ ಇರಬೇಕೋ ಬಾಜು ಇರಬೇಕೋ ಅನ್ನೋ ವಾದ ನನಗ ಸಣ್ಣದು ಅನಿಸಿಬಿಟ್ಟದ.

ನಾನು ಬಚ್ಚಲದಾಗ ಅತ್ತಿದ್ದು ಯಾಕಂತ ಹೇಳಿಲ್ಲ ಇನ್ನೂ. 2017ರಾಗ ಕಾನೂನು ತಿದ್ದುಪಡಿ ಆಗಿ ಮೊದಲ ಎರಡು ಹಡಿಗಿಗಿ 26 ವಾರ ಪಗಾರಿ ರಜಾ ಅಂತ ಆಗಿತ್ತು, 50 ಮಂದಿ ಇಲ್ಲಾ ಅದಕ್ಕಿಂತ ಜಾಸ್ತಿ ಮಂದಿ ಕೆಲಸ ಮಾಡೋ ಜಾಗದಾಗ ಕೂಸಿನ ಕೋಣಿ ಇರಬೇಕು ಅಂತನೂ ಅದ. ಆಗ ನಾನಿದ್ದ ಖಾಸಗಿ ಸಾಲ್ಯಾಗ "ಮೂರು ತಿಂಗಳ ರಜಾ, ಪಗಾರ ಇಲ್ಲ, ಬ್ಯಾಡಾದ್ರ ಬಿಡ್ರಿ" ಅಂದ್ರು. ಮನ್ಯಾಗ ಸಾಲದ ಕಂತು ಇತ್ತು, ಜೂನ್ ಕಡೀಕ ಹೋಗಿ ನಿಂತೆ. ಮಗಳು ತವರಾಗ ಆಯಿ ಹತ್ರ. ಹನ್ನೊಂದು ಗಂಟಿಗಿ ಎದಿ ಕಲ್ಲಾಗಿ, ಹಾಲು ಸೋರಿ ಬ್ಲೌಸ್ ಹಸಿ ಆಗಿ, ಸೆರಗು ಹೊದ್ದು ಪಾಠ ಮಾಡ್ತಿದ್ದೆ. ಇಂಟರ್‌ವಲ್‌ದಾಗ ಪಾಯಖಾನಿ ಬಾಗಿಲ ಹಾಕ್ಕೊಂಡು ಹಿಂಡಿ ಚೆಲ್ಲೋದು. ಗ್ವಾಡಿ ಮ್ಯಾಲ ಬಿಳಿ ಹನಿ ಹರದು ಇಳಿಯೋದು ಈಗಲೂ ಕಣ್ಣ ಮುಂದ ಬರ್ತದ. ಅದೇ ವಾರ ನೋಡಿದ್ದು ಆ ವಿಡಿಯೋ, ಅವ್ವ ಬಿಟ್ಟು ಹೋದ್ರ ಕೂಸಿಗಿ ಜೀವನಪೂರ್ತಿ ಗಾಯ ಅನ್ನೋದು. ಶನಿವಾರ ಊರಿಗಿ ಓಡಿ ಹೋದ್ರ ಮಗಳು ಆಯಿ ತೊಡಿ ಮ್ಯಾಲಿಂದ ನನ್ನ ನೋಡಿ ಎರಡೂ ಕೈ ಚಾಚಿದ್ಳು. ಆಯಿ ಅಂದ್ಳು, "ಗುರುತು ಹಿಡೀತದ ನೋಡು, ವಾಸನಿ ಮರಿಯಂಗಿಲ್ಲ ಯವ್ವಾ ಅದು. ನೀ ಮೊದಲ ಊಟ ಮಾಡು."

ಅದಕ್ಕ ರೀಲ್ ಮಾಡೋ ತಾಯಂದಿರಿಗಿ ಕೈ ಮುಗದು ಕೇಳ್ತೀನಿ, ಅವ್ವ ಹಿಂಗ ಮಾಡಬೇಕು ಹಂಗ ಮಾಡಬೇಕು ಅಂತ ಹೇಳೋ ಮೊದಲ ಆ ಮನ್ಯಾಗ ಎಷ್ಟು ಕೈ ಅದಾವ ಕೇಳ್ರಿ. ನಮ್ಮ ಆಯಿ ಕಾಲದ ಆರು ಮಂದಿ ಕೆಲಸ ಒಬ್ಬಾಕಿ ಹೆಗಲಿಗಿ ಹಾಕಿ, ಅದಕ್ಕ ಪ್ರೀತಿ ಅಂತ ಹೆಸರಿಟ್ಟು, ಆಗಲಿಲ್ಲಂದ್ರ ಆಕಿದೇ ತಪ್ಪು ಅನಬ್ಯಾಡ್ರಿ. ಗಂಡಸರಿಗೂ ಹೇಳ್ತೀನಿ, ಈಗ ಪಡಸಾಲ್ಯಾಗ ಯಾವ ಮಾವನೂ ಕೂತಿಲ್ಲ, ನಿಮ್ಮ ಕೂಸು ನೀವು ಎತ್ತಿಕೊಂಡ್ರ ಯಾರೂ ಏನೂ ಅನ್ನಂಗಿಲ್ಲ, ಎತ್ತಿಕೋರಿ.

ಮರುದಿನ ಸಂಜೀಕ ಸಾಲಿ ಬಿಟ್ಟ ಮ್ಯಾಲ ನಾನು ಮ್ಯಾಲಿನ ಮನಿಗಿ ಹೋದೆ. ಆ ಹುಡುಗಿ ಎದಿಗಿ ಆ ಆನ್‌ಲೈನ್ ತರಿಸಿದ ಬೇಬಿ ಕ್ಯಾರಿಯರ್ ಕಟ್ಟಿಕೊಂಡೇ ಕುಕ್ಕರ್ ಮುಂದ ನಿಂತಿದ್ಳು, ಕೂಸಿನ ಕುತ್ತಿಗಿ ತುಂಬ ಬೆವರುಗುಳ್ಳಿ, ಆಕಿ ತಲಿ ಎಣ್ಣಿ ಕಂಡು ಎಷ್ಟು ದಿನ ಆಗಿತ್ತೋ. "ಬ್ಯಾರೆಯವರ ಹತ್ರ ಕೊಟ್ರೆ..." ಅಂತ ಅರ್ಧಕ್ಕ ನಿಲ್ಲಿಸಿದ್ಳು. "ನಾ ಬ್ಯಾರೆಯಾಕಿ ಏನವ್ವ?" ಅಂದೆ. ಬಿಚ್ಚಿ ಕೊಟ್ಳು. ನನ್ನ ಹಳಿ ಕಾಟನ್ ಸೀರಿ ಒಯ್ದಿದ್ದೆ, ಫ್ಯಾನಿನ ಬಾಜೂಕ ಇದ್ದ ಕೊಂಡಿಗಿ ಗಟ್ಟಿ ಕಟ್ಟಿ, ಜಗ್ಗಿ ನೋಡಿ, ನಡುಕ ಕೋಲು ಹಾಕಿ ಕೂಸನ್ನ ಮಲಗಿಸಿದೆ. ಆಕಿ ತಲಿ ಸ್ನಾನ ಮಾಡಿ ಬಂದು, ಕೂದಲ ಒಣಗಿಸ್ಕೋತ ಅಲ್ಲೇ ಚಾಪಿ ಮ್ಯಾಲ ಒರಗಿದಾಕಿ ಹಂಗೇ ನಿದ್ದಿ ಹೋದ್ಳು. ನನ್ನ ಮಗಳು ಹೋಂವರ್ಕ್ ತಗೊಂಡು ಮ್ಯಾಲ ಬಂದ್ಳು, ಒಂದು ಕೈಯಾಗ ಪೆನ್ಸಿಲ್, ಇನ್ನೊಂದು ಕೈ ಚಾಚಿ "ಮಮ್ಮಿ, ಹಗ್ಗ ನನಗ ಕೊಡು" ಅಂದ್ಳು. ಹತ್ತು ನಿಮಿಷ ಕೊಟ್ಟೆ, ಆಮ್ಯಾಲ ನಾನೇ ಇಸ್ಕೊಂಡು ಆಕಿಗಿ ಮಗ್ಗಿ ಬರೀಲಿಕ್ಕ ಕೂಡಿಸಿದೆ.